ಜಪಾನೀಸ್ ಮಾತಾಡೋಕೆ ಎಷ್ಟು ದಿನ ಹಿಡೀತು?

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಜಪಾನೀಸ್ ಅಷ್ಟು ಸಲೀಸಾಗಿ ಮಾತಾಡ್ತೀಯಲ್ಲ, ಎಷ್ಟು ದಿನದಲ್ಲಿ ಕಲಿತೆ? ಯಾವ ಆ್ಯಪ್?" ಒಂದು ಆ್ಯಪ್ ಹೆಸರು ಹೇಳಿದರೆ ಅವರಿಗೂ ಸಮಾಧಾನ, ನನಗೂ ಸುಲಭ. ಆದರೆ ನಡೆದದ್ದು ಹಾಗಲ್ಲ.

ಟೋಕಿಯೋಗೆ ಬರುವ ಹೊತ್ತಿಗೆ ನಾನು ಜೆಎಲ್‌ಪಿಟಿ ಅನ್ನೋ ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ನಡುವಿನ ಹಂತ ಎನ್3 ಪಾಸು ಮಾಡಿದ್ದೆ. ಆ ಪರೀಕ್ಷೆಯಲ್ಲಿ ಓದಬೇಕು, ಕೇಳಿಸಿಕೊಳ್ಳಬೇಕು, ಸರಿ ಉತ್ತರಕ್ಕೆ ಗುರುತು ಹಾಕಬೇಕು. ಐದು ಹಂತಗಳಲ್ಲಿ ಯಾವುದರಲ್ಲೂ ಬಾಯಿ ಬಿಡುವ ಕೆಲಸವೇ ಇಲ್ಲ. ಬಂದ ಮೂರನೇ ರಾತ್ರಿ ಕೊಂಬಿನಿಗೆ, ಅಂದರೆ ರಾತ್ರಿಯೆಲ್ಲ ತೆರೆದಿರುವ ಸಣ್ಣ ಅಂಗಡಿಗೆ, ಹೋಗಿ ಊಟದ ಡಬ್ಬಿ ಕೌಂಟರ್ ಮೇಲಿಟ್ಟೆ. ಹುಡುಗಿ "ಅತತಮೆಮಸ್ ಕಾ?" ಅಂದಳು. ಬಿಸಿ ಮಾಡಲಾ ಅಂತ. ಆ ಪದ ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಉತ್ತರವನ್ನು ತಲೆಯೊಳಗೆ ಮೊದಲು ಇಂಗ್ಲಿಷಿನಲ್ಲಿ ಕಟ್ಟಿ, ಆಮೇಲೆ ಹಿಂದುಮುಂದು ಮಾಡಿ ಬಾಯಿಗೆ ತರುವಷ್ಟರಲ್ಲಿ ಹಿಂದೆ ನಾಲ್ಕು ಜನ ನಿಂತಿದ್ದರು. ಸುಮ್ನೆ ನಮ್ಮೂರ ಥರ ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ತಣ್ಣನೆ ಅನ್ನ ತಿಂದೆ.

ನಾನಿದ್ದದ್ದು ನಿಶಿ ಕಸಾಯಿಯಲ್ಲಿ. ನಮ್ಮ ದೇಶದವರು ತುಂಬ ಜನ ಇರುವ ಜಾಗ, ತೊಗರಿಬೇಳೆಯೂ ಸಿಗುತ್ತೆ, ಜಪಾನೀಸ್ ಇಲ್ಲದೆ ವರ್ಷಗಟ್ಟಲೆ ಬದುಕಬಹುದು. ಹಾಗಾಗಬಾರದು ಅಂತ ವಾರಕ್ಕೊಮ್ಮೆ ಪುಕ್ಕಟೆ ಪಾಠ ಹೇಳಿಕೊಡುವ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಹೋಗತೊಡಗಿದೆ. ಒಂದು ದಿನ ಅವರು ಉಮೆಬೊಶಿ (ಉಪ್ಪಲ್ಲಿ ಹಾಕಿದ ಹುಳಿ ಹಣ್ಣು) ಮುಂದಿಟ್ಟು "ತಬೆತೆ ಮಿತೆ" ಅಂದರು. ತಬೆತೆ ಅಂದರೆ ತಿಂದು. ಮಿತೆ ಅಂದರೆ ನೋಡು, ಕಣ್ಣಿಂದ ನೋಡುವ ಅದೇ ನೋಡು. ತಿಂದು ನೋಡು! ಹುಳಿಗೆ ಮುಖ ಕಿವುಚಿಕೊಂಡೇ ನಕ್ಕುಬಿಟ್ಟೆ.

ಅವತ್ತಿನಿಂದ ಇಂಗ್ಲಿಷ್ ದಾರಿ ಬಿಟ್ಟು, ಕನ್ನಡದಿಂದಲೇ ನೇರ ಜಪಾನೀಸಿಗೆ ಹೋಗತೊಡಗಿದೆ. "ನಾಳೆ ಮಳೆ ಬರುತ್ತೆ ಅಂತ ಅನ್ಸುತ್ತೆ" ಅನ್ನೋದಕ್ಕೆ "ಅಶಿತ ಅಮೆ ಗ ಫುರು ತೊ ಒಮೊಇಮಸ್". ಪದಗಳು ಇದ್ದ ಸಾಲಲ್ಲೇ ಕೂರುತ್ತವೆ, ನಮ್ಮ 'ಅಂತ' ಇರುವ ಕಡೆ ಅವರ 'ತೊ'. 'ತಿಂದುಬಿಟ್ಟೆ'ಗೂ ಅಂಥದ್ದೇ ಒಂದಿದೆ, ತಬೆತೆ ಶಿಮತ್ತ. ಮಾತಿನ ಕೊನೆಗೆ ಅಂಟಿಸುವ 'ನೆ' ಹೆಚ್ಚುಕಡಿಮೆ ನಮ್ಮ ಅಲ್ವಾ. ಅಮೆರಿಕದ ವಿದೇಶಾಂಗ ಇಲಾಖೆಯವರು ಜಪಾನೀಸಿಗೆ 2,200 ಗಂಟೆಯ ಕ್ಲಾಸ್ ಬೇಕು ಅಂತ ಲೆಕ್ಕ ಹಾಕಿದ್ದಾರೆ, ಆದರೆ ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ.

ಹೊಸ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಒಬಸನ್ ಅಂದರೆ ಅತ್ತೆ-ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಎಷ್ಟೋ ಸಲ ಎರಡೂ ಒಂದೇ ಥರ ಕಾಣುತ್ತೆ. ಬಲ-ಬಾಲ, ಕತೆ-ಕತ್ತೆ ಅಂತ ಬೆಳೆದ ನಮಗೆ ಆ ಕಷ್ಟ ಯಾಕೆ?

ಇನ್ನೊಂದಿದೆ. ಆ ಟೀಚರ್ ಮಾತಾಡುವಾಗ ನಾನು ಮರ್ಯಾದೆಯಿಂದ ಸುಮ್ಮನೆ ಕೂತು ಕೇಳುತ್ತಿದ್ದೆ. ಅವರು ಪದೇ ಪದೇ ನಿಲ್ಲಿಸಿ "ಅರ್ಥ ಆಯ್ತಾ?" ಅನ್ನುವರು. ಆಮೇಲೆ ಗೊತ್ತಾಯಿತು, ಅಲ್ಲಿ ಹೂಂಗುಟ್ಟಬೇಕು. ಅದಕ್ಕೆ ಐಜುಚಿ ಅಂತಾರೆ, ಕುಲುಮೆಯಲ್ಲಿ ಇಬ್ಬರು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಹೊಡೆಯುವುದರಿಂದ ಬಂದ ಪದ. ನಮ್ಮಜ್ಜಿಯೂ ಹಾಗೇ, ಹೂಂ ಅನ್ನದಿದ್ದರೆ ಕತೆ ನಿಲ್ಲಿಸುತ್ತಿದ್ದರು. ಹೂಂಗುಟ್ಟಲು ಶುರು ಮಾಡಿದ ಮೇಲೆ ನನ್ನ ಸರದಿ ಬಂದಾಗ ಬಾಯಿ ಆಗಲೇ ಓಡುತ್ತಿರುತ್ತಿತ್ತು.

ಎಷ್ಟು ದಿನ ಅಂದರೆ, ಸುಮಾರು ಎರಡೂವರೆ ವರ್ಷ. ಈಗಲೂ ಬಾಡಿಗೆ ಏಜೆಂಟ್ ಫೋನ್ ಮಾಡಿ, 'ತಿನ್ನು' ಅನ್ನೋ ಪದವೇ ಬೇರೆಯಾಗಿಬಿಡುವ ಆ ಗೌರವದ ಭಾಷೆ ಶುರು ಮಾಡಿದರೆ ಕೈ ಬೆವರುತ್ತೆ. ಕೊನೆವರೆಗೂ ಚೆನ್ನಾಗಿ ಹೂಂಗುಟ್ಟಿ, ಇದನ್ನೇ ಒಂದು ಇಮೇಲ್ ಹಾಕ್ತೀರಾ ಅಂತ ಕೇಳುತ್ತೇನೆ.