ತಂದೆಯನ್ನು ಕಳೆದುಕೊಂಡ ಮಕ್ಕಳು

ಪದವಿ ತರಗತಿಯಲ್ಲಿ ನಮಗೆ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಪಠ್ಯವಾಗಿತ್ತು. ತಂದೆಯನ್ನು ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್‌ನ ಮೇಲಿನ ಸೇಡನ್ನು ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ ಏಕೆ ಮುಂದೂಡುತ್ತಾನೆ ಎಂಬ, ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆಯನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರು ಬೇಗನೆ ಮುಗಿಸಿ, ಈ ನಾಟಕದಲ್ಲಿ ತಂದೆಯನ್ನು ಕಳೆದುಕೊಂಡವರು ಯಾರು ಯಾರೆಂದು ಗುರುತಿಸುವಂತೆ ಹೇಳಿದರು. ಹ್ಯಾಮ್ಲೆಟ್, ಲೇರ್ಟಿಸ್, ನಾರ್ವೆಯ ಫೋರ್ಟಿನ್‌ಬ್ರಾಸ್ ಎಂದು ನಾವು ನಿಲ್ಲಿಸಿದಾಗ ಅವರು ಲೇರ್ಟಿಸ್‌ನ ತಂಗಿ ಓಫೀಲಿಯಾಳ ಹೆಸರನ್ನು ಸೇರಿಸಿದರು. ಅವಳ ಕೈಗೆ ಕತ್ತಿಯಿಲ್ಲ. ಅಣ್ಣನಲ್ಲಿ ಸೇಡಾಗುವ ದುಃಖವೇ ಅವಳಲ್ಲಿ ಹುಚ್ಚಾಗುತ್ತದೆ.

ಅವರು ಬಹಳ ಹೊತ್ತು ನಿಂತದ್ದು ಮೂರನೆಯ ಅಂಕದ ಪ್ರಾರ್ಥನೆಯ ದೃಶ್ಯದಲ್ಲಿ. ಮಂಡಿಯೂರಿದ ಕ್ಲಾಡಿಯಸ್‌ನ ಹಿಂದೆ ಕತ್ತಿ ಹಿರಿದು ನಿಂತ ಹ್ಯಾಮ್ಲೆಟ್ ಅವನನ್ನು ಬಿಟ್ಟು ಹೋಗುವುದು ಕರುಣೆಯಿಂದಲ್ಲ: ಪಾಪನಿವೇದನೆಗೆ ಅವಕಾಶವಿಲ್ಲದೆ ತನ್ನ ತಂದೆ ಸತ್ತಿರುವಾಗ, ಪ್ರಾರ್ಥಿಸುತ್ತಿರುವ ಕೊಲೆಗಾರನನ್ನು ಕೊಂದರೆ ಅವನು ಸ್ವರ್ಗಕ್ಕೆ ಹೋದಾನೆಂಬ ಲೆಕ್ಕಾಚಾರದಿಂದ. ದೇಹವನ್ನು ಕೊಂದರೆ ಸಾಲದು, ಆತ್ಮವೂ ನರಕಕ್ಕೆ ಬೀಳಬೇಕು. 1765ರಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿ ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಈ ಮಾತುಗಳು ಓದಲೂ ಆಡಲೂ ಆಗದಷ್ಟು ಭೀಕರವೆಂದು ಬರೆದದ್ದು ನನಗೆ ಇಂದಿಗೂ ಸರಿಯೆನಿಸುತ್ತದೆ. ಹ್ಯಾಮ್ಲೆಟ್ ಮರೆಯಾದ ಮೇಲೆ ಏಳುವ ಕ್ಲಾಡಿಯಸ್, ತನ್ನ ಮಾತು ಮೇಲೇರಿದರೂ ಮನಸ್ಸು ಕೆಳಗೇ ಉಳಿಯಿತೆನ್ನುತ್ತಾನೆ. ಪ್ರಾರ್ಥನೆ ಫಲಿಸಿರಲೇ ಇಲ್ಲ. ಮುಂದಿನ ದೃಶ್ಯದಲ್ಲಿಯೇ ಹ್ಯಾಮ್ಲೆಟ್ ಪರದೆಯ ಹಿಂದಿದ್ದ, ಲೇರ್ಟಿಸ್ ಮತ್ತು ಓಫೀಲಿಯಾರ ತಂದೆ ಪೊಲೋನಿಯಸ್‌ನನ್ನು ಇರಿದು, ತಂದೆಗಾಗಿ ನ್ಯಾಯ ಕೇಳುತ್ತಿದ್ದ ತಾನೇ ಇನ್ನೊಬ್ಬ ಮಗನ ಪಾಲಿಗೆ ಪಿತೃಹಂತಕನಾಗುತ್ತಾನೆ.

ಆ ಮಗ ಲೇರ್ಟಿಸ್ ಯಾವ ಸಂಶಯಕ್ಕೂ ಎಡೆಗೊಡದೆ, ಹ್ಯಾಮ್ಲೆಟ್‌ನ ಕತ್ತನ್ನು ಚರ್ಚಿನೊಳಗೇ ಕೊಯ್ಯುವೆನೆಂದಾಗ, ಸೇಡಿಗೆ ಎಲ್ಲೆಯಿರಬಾರದೆಂದು ಅವನನ್ನು ಹುರಿದುಂಬಿಸುವವನು ಕ್ಲಾಡಿಯಸ್. ಕೊನೆಯ ಕತ್ತಿವರಸೆಯಲ್ಲಿ ವಿಷ ಸವರಿದ ಕತ್ತಿಯಿಂದ ಗಾಯಗೊಂಡ ಹ್ಯಾಮ್ಲೆಟ್, ಲೇರ್ಟಿಸ್ ಇಬ್ಬರೂ ಸಾಯುವ ಮುನ್ನ ಪರಸ್ಪರ ಕ್ಷಮೆಯನ್ನು ಬಯಸುತ್ತಾರೆ. ತಂದೆ ಕಳೆದುಕೊಂಡ ನೆಲಕ್ಕಾಗಿ ಪಡೆ ಕಟ್ಟಿದ್ದ ಫೋರ್ಟಿನ್‌ಬ್ರಾಸ್ ಮಾತ್ರ ತನ್ನ ಚಿಕ್ಕಪ್ಪನ ಮಾತಿಗೆ ಮಣಿದು, ಆ ಪಡೆಯನ್ನು ಪೋಲೆಂಡಿನತ್ತ ತಿರುಗಿಸುತ್ತಾನೆ; ಕೊನೆಗೆ ಡೆನ್ಮಾರ್ಕ್ ಅವನಿಗೇ ಸಿಗುತ್ತದೆ. ಲಾರೆನ್ಸ್ ಒಲಿವಿಯೆ 1948ರ ತಮ್ಮ ಚಲನಚಿತ್ರದಲ್ಲಿ ಈ ಪಾತ್ರವನ್ನೇ ಕೈಬಿಟ್ಟರು. ಚಿತ್ರ ಸೊಗಸಾಗಿದ್ದರೂ, ಸೇಡಿನ ಹಠ ಬಿಟ್ಟು ಬದುಕುಳಿದ ಒಬ್ಬನೇ ಮಗನನ್ನು ಅದರಲ್ಲಿ ಕಾಣಲಾಗದಿರುವುದು ನಮ್ಮ ಅಧ್ಯಾಪಕರ ಪಾಠ ಕೇಳಿದ ನನಗೆ ದೊಡ್ಡ ಕೊರತೆಯಾಗಿಯೇ ತೋರುತ್ತದೆ.