ಮಾವನ ಮಿನಿಯೇಚರ್‌ಗಳಿಗೆ ಬೂಷ್ಟು ಬಂದಾಗ

ಪುನರ್ವಸು ಮಳೆ ಹಿಡಿಯಿತೆಂದರೆ ಆಲ್ದೂರು ಕಡೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಈ ಸಲ ಅದು ಮಾವನ ಗಾಜಿನ ಕಪಾಟಿಗೇ ನುಗ್ಗಿತ್ತು. ಅತ್ತೆ ಫೋನ್ ಮಾಡಿ, "ನೀನೇ ಬಂದು ಒರೆಸಿಕೊಡಪ್ಪಾ, ನಾನು ಮುಟ್ಟಿದ್ರೆ ನಿಮ್ಮ ಮಾವ ಮನೆ ಎತ್ತಿ ಕೆಡಗ್ತಾರೆ" ಎಂದರು. ಶನಿವಾರ ಬೆಳಗ್ಗೆ ಚಿಕ್ಕಮಗಳೂರಿನಿಂದ ಹೊರಟೆ.

ಕಪಾಟಿನಲ್ಲಿ ಇರುವುದು ಸಿಂಗಲ್ ಮಾಲ್ಟ್ ವಿಸ್ಕಿಯ, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿಯ ಮಿನಿಯೇಚರ್‌ಗಳು. 50 ಎಂ.ಎಲ್. ಬಾಟಲಿಗಳು, ಹೆಚ್ಚುಕಮ್ಮಿ ಒಂದು ಪೆಗ್. ದೊಡ್ಡ ಬಾಟಲಿಯ ಅದೇ ಲೇಬಲ್, ಅದೇ ಬಣ್ಣ, ಕೆಲವಕ್ಕೆ ಅದೇ ಆಕಾರ ಕೂಡ. ಮಾವ ಕುಡಿಯುವುದು ಕಮ್ಮಿ, ಕೂಡಿಡುವುದು ಜಾಸ್ತಿ. ಅದರಲ್ಲೂ ಅವರಿಗೆ ಬೇಕಾದದ್ದು ವೈನ್ ಇದ್ದ ಪೀಪಾಯಿಯಲ್ಲಿ ಸ್ವಲ್ಪ ಕಾಲ ಇದ್ದು ಬಂದ ವಿಸ್ಕಿ ಮಾತ್ರ. ವಿದೇಶಕ್ಕೆ ಹೋಗುವ ನೆಂಟರಿಗೆಲ್ಲ ಇದೇ ಬೇಡಿಕೆ. 100 ಎಂ.ಎಲ್. ಒಳಗಿನದು, ಕೈಚೀಲದಲ್ಲೇ ತರಬಹುದು ಎಂದು ನಿಯಮ ಬೇರೆ ಹೇಳಿಕೊಡುತ್ತಾರೆ.

ಈ ಹುಚ್ಚು ಯಾಕೆ ಅಂತ ಕಾಫಿ ಬೆಳೆಯುವವರನ್ನು ಕೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ (ಒಳಸಿಪ್ಪೆ ಬಿಡಿಸದೆ ಒಣಗಿಸಿದ ಕಾಫಿ ಬೀಜ) ಮೂಟೆಯ ಪಕ್ಕ ಡೀಸೆಲ್ ಕ್ಯಾನ್ ಇಟ್ಟು ನೋಡಿ, ಬೀಜ ಆ ವಾಸನೆಯನ್ನು ಹೇಗೆ ಹೀರಿಕೊಳ್ಳುತ್ತದೆ ಅಂತ. ಜೀವನವಿಡೀ ಕಾಫಿಯನ್ನು ಬೇರೆ ವಾಸನೆಯಿಂದ ಕಾಯ್ದ ಮನುಷ್ಯನಿಗೆ, ಬೇಕು ಬೇಕೆಂದೇ ವಾಸನೆ ಹತ್ತಿಸಿಕೊಳ್ಳುವ ಸರಕು ಸಿಕ್ಕಿದರೆ ಬಿಡುತ್ತಾರಾ?

ಪದ್ಧತಿ ಇಷ್ಟೇ. ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ಜೋಳದ ವಿಸ್ಕಿಯಾದ ಬರ್ಬನ್ನನ್ನು ಹೊಸ ಓಕ್ ಪೀಪಾಯಿಯಲ್ಲೇ ತುಂಬಬೇಕು, ಹಾಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ರಾಶಿ ರಾಶಿ ಸ್ಕಾಟ್ಲೆಂಡಿಗೆ ಬರುತ್ತವೆ. ವಿಸ್ಕಿ ವರ್ಷಗಟ್ಟಲೆ ಮಾಗುವುದು ಅದರಲ್ಲಿ. ಕೊನೆಗೆ ಕೆಲವು ತಿಂಗಳೋ ಒಂದೆರಡು ವರ್ಷವೋ ಷೆರಿ, ಪೋರ್ಟ್ ಅಥವಾ ಇನ್ಯಾವುದೋ ವೈನ್ ಇದ್ದ ಪೀಪಾಯಿಗೆ ಸುರಿಯುತ್ತಾರೆ. ಸ್ಕಾಟ್ಲೆಂಡಿನ ಬಾಲ್ವೆನಿ ಡಿಸ್ಟಿಲರಿಯ ಡೇವಿಡ್ ಸ್ಟುವರ್ಟ್ 1980ರ ದಶಕದಲ್ಲಿ ಇದನ್ನು ಶುರು ಮಾಡಿದರು, 1993ರಲ್ಲಿ ಅವರ ಡಬಲ್‌ವುಡ್ ಎಂಬ ವಿಸ್ಕಿ ಬಂತು. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರೂ ಪೋರ್ಟ್ ಪೀಪಾಯಿ ಬಳಸಿ ಪೋರ್ಟೊನೋವಾ ಮಾಡಿದ್ದಾರೆ.

ಕರೆಂಟ್ ಇರಲಿಲ್ಲ. ಒದ್ದೆ ಬಟ್ಟೆ ತಾಗಿಸಿದರೆ ಲೇಬಲ್ಲಿನ ಅಂಟು ಬಿಡುತ್ತದೆ, ಅದಕ್ಕೆ ಒಣ ಬ್ರಷ್‌ನಲ್ಲಿ ಒಂದೊಂದನ್ನೇ ಕಿಟಕಿ ಹತ್ತಿರ ಹಿಡಿದು ಉಜ್ಜಿದೆ. ಬಾಟಲಿ ಸಂಗ್ರಹಿಸುವವರಿಗೆ ಲೇಬಲ್ಲೇ ಆಸ್ತಿ. ಗ್ಲೆನ್‌ಮೊರಂಜಿ ಎಂಬ ಸ್ಕಾಟಿಷ್ ಡಿಸ್ಟಿಲರಿಯ ಕ್ವಿಂಟಾ ರೂಬಾನ್ ವಿಸ್ಕಿ ಈಗ 14 ವರ್ಷದ್ದು, ಮಾವನ ಹತ್ತಿರ ಇರುವುದರ ಮೇಲೆ 12 ಅಂತಿದೆ. ಅವರ ಕಣ್ಣಿಗೆ ಅವೆರಡೂ ಬೇರೆ ಬೇರೆ ಬಾಟಲಿ.

ಆಸ್ತಿಯ ಇನ್ನೊಂದು ಲೆಕ್ಕ ಒಳಗಿನ ಮಟ್ಟ. ಟಾರ್ಚ್ ಹಿಡಿದು ನೋಡಿದರೆ ಒಂದು ಷೆರಿ ಪೀಪಾಯಿಯದರಲ್ಲಿ (ಯಾವ ಕಂಪನಿ ಅಂತ ಬೇಡ) ಭುಜದಿಂದ ಕೆಳಗೆ ಬಂದುಬಿಟ್ಟಿತ್ತು. ಸೀಲ್ ಒಡೆದಿಲ್ಲ, ಯಾರೂ ಕುಡಿದಿಲ್ಲ. ಮುಚ್ಚಳದ ಸಂದಿಯಿಂದ ಸುಮ್ನೆ ಹಾರಿಹೋಗಿದೆ. ದೊಡ್ಡ ಬಾಟಲಿಯಲ್ಲಿ ಹತ್ತು ಎಂ.ಎಲ್. ಹೋದರೆ ಗೊತ್ತೇ ಆಗುವುದಿಲ್ಲ, ಇದರಲ್ಲಿ ಅದು ಐದರಲ್ಲೊಂದು ಪಾಲು!

"ಪೀಪಾಯಿಯಲ್ಲೂ ಹೋಗುತ್ತೆ ಬಿಡೋ, ದೇವತೆಗಳ ಪಾಲು ಅಂತಾರಲ್ಲ" ಎಂದರು ಮಾವ. ನಿಜ, ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಸೆಕೆಗೆ ಶೇ. 10ರ ಮೇಲೆಯೇ ಹೋಗುತ್ತದೆ. ಆದರೆ ಪೀಪಾಯಿ ತೆಗೆದುಕೊಂಡಿದ್ದಕ್ಕೆ ಬದಲಾಗಿ ರುಚಿ ಕೊಡುತ್ತದೆ, ಗಾಜು ಏನು ಕೊಡುತ್ತದೆ? ಬಾಟಲಿಯೊಳಗೆ ವಿಸ್ಕಿ ಮಾಗುವುದಿಲ್ಲ, ಹೋಗಿದ್ದು ಹೋಯಿತು ಅಷ್ಟೇ. ಇದನ್ನು ಹೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಇಳಿದ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ತೆಗಿ" ಎಂದರು.

ಸಪ್ಪೆ ಎಂದರೆ ಸಪ್ಪೆ. ವಾಸನೆ ಸತ್ತು ಒದ್ದೆ ಕಾಗದದ ಹಾಗೆ ಏನೋ ಒಂದು. ಮಾವನಿಗೆ ಬೇಜಾರಿಗಿಂತ ಸಿಟ್ಟು ಬಂತು, ಆ ಸಿಟ್ಟಲ್ಲೇ ಪಕ್ಕದ ಎರಡು ತುಂಬಿದ ಬಾಟಲಿಗಳನ್ನು ಎಳೆದರು. ಕ್ವಿಂಟಾ ರೂಬಾನ್ ಮತ್ತು ನೆಕ್ಟರ್ ಡಿ'ಓರ್. ಎರಡೂ ಒಂದೇ ಡಿಸ್ಟಿಲರಿಯವು, ಎರಡೂ ಶೇ. 46, ಬೇರೆ ಇರುವುದು ಕೊನೆಯ ಪೀಪಾಯಿ ಮಾತ್ರ. ಮೊದಲನೆಯದು ಪೋರ್ಟಿನದು, ಹಾಕಿದ ಲೋಟದಲ್ಲಿ ತೆಳು ಕೆಂಪು ಕಾಣುತ್ತಿತ್ತು, ಬಾಯಲ್ಲಿ ಕಹಿ ಚಾಕೊಲೇಟು, ಹಿಂದೆಯೇ ಪುದೀನದಂಥ ತಂಪು. ಎರಡನೆಯದು ಫ್ರಾನ್ಸಿನ ಸೊಟೆರ್ನ್ ಎಂಬ ಸಿಹಿ ಬಿಳಿ ವೈನಿನ ಪೀಪಾಯಿಯದು. ಜೇನು, ನಿಂಬೆ ಸಿಪ್ಪೆ, ಸ್ವಲ್ಪ ಶುಂಠಿ. ಅಕ್ಕಪಕ್ಕ ಇಟ್ಟು ಗುಟುಕು ಗುಟುಕಾಗಿ ಕುಡಿದರೆ ಪೀಪಾಯಿ ಏನು ಮಾಡಿದೆ ಅಂತ ನಾಲಿಗೆಗೇ ತಿಳಿಯುತ್ತದೆ. ಕಪಾಟಿನಲ್ಲಿ ನಿಲ್ಲಿಸಿ ನೋಡಿದರೆ ತಿಳಿಯುವ ವಿಷಯವಲ್ಲ ಇದು.

ಸೊಟೆರ್ನ್ ದ್ರಾಕ್ಷಿಗೆ ಬಳ್ಳಿಯಲ್ಲೇ ಒಂದು ಥರದ ಬೂಷ್ಟು ಹತ್ತಬೇಕು, ಅದು ಹಣ್ಣಿನ ನೀರು ಎಳೆದು ಸಿಹಿ ಗಟ್ಟಿ ಮಾಡುತ್ತದೆ ಎಂದೆ. ಮಾವ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ನಿಮ್ಮತ್ತೆ ಬೆಳಗ್ಗಿಂದ ಅದಕ್ಕೇ ಬೈತಿರೋದು!"

ಅತ್ತೆ ಕಡುಬು, ಕೋಳಿ ಸಾರು ಬಡಿಸಿ, ಕಪಾಟಿನಲ್ಲಿ ಜಾಗ ಆಯಿತಲ್ಲ ಅಂತ ಖುಷಿಪಟ್ಟರು. ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಮಾವ ಖಾಲಿ ಬಾಟಲಿಗಳನ್ನು ತೊಳೆಯದೆ, ಮುಚ್ಚಳ ಬಿಗಿದು ಮತ್ತೆ ಅದೇ ಸಾಲಿನಲ್ಲಿ ನಿಲ್ಲಿಸಿದರು. ಉಳಿದವುಗಳ ಮುಚ್ಚಳಕ್ಕೆ ನಾನು ಗಾಳಿ ಆಡದಂತೆ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಮೇಣದ ಹಾಳೆ ಸುತ್ತಿ ಹೊರಟಾಗ ಮಾವ ಗೇಟಿನವರೆಗೂ ಕೊಡೆ ಹಿಡಿದು ಬಂದು, "ಮುಂದೆ ಯಾರಾದ್ರೂ ಹೋದ್ರೆ ಎರಡೆರಡು ತರಕ್ಕೆ ಹೇಳು, ಒಂದು ನೋಡಕ್ಕೆ, ಒಂದು ಕುಡಿಯಕ್ಕೆ" ಎಂದರು.