ಕಾಲು ಕೆಜಿ ಮಟನ್, ಒಂದು ಪಾವು ಹುರುಳಿಕಾಳು

ಸೋಮವಾರ ಇಲ್ಲ, ಶನಿವಾರ ಇಲ್ಲ, ಶ್ರಾವಣದಲ್ಲಿ ತಿಂಗಳಿಡೀ ಇಲ್ಲ. ಬಾಡು ತಿನ್ನುವ ಎಷ್ಟೋ ಮನೆಗಳಲ್ಲಿ ಬಿಡುವ ದಿನಗಳಿಗೇನೂ ಕಮ್ಮಿಯಿಲ್ಲ. ಆದರೆ ಬಿಟ್ಟ ದಿನಗಳ ಬಾಕಿಯೆಲ್ಲ ಭಾನುವಾರದ ಪಾತ್ರೆಗೆ ಬಿದ್ದರೆ ತಿಂದ ಲೆಕ್ಕ ಇದ್ದಲ್ಲೇ ಇರುತ್ತದೆ. ಬಾಡು ಕಮ್ಮಿ ಮಾಡಬೇಕೆಂದರೆ ಇಳಿಸಬೇಕಾದದ್ದು ಪಾತ್ರೆಗೆ ಬೀಳುವ ಮಾಂಸದ ತೂಕ.

ಮೊದಲ ತಪ್ಪು ಅಂಗಡಿಯಲ್ಲೇ ಆಗುತ್ತದೆ. ಮಟನ್ ಬಿಟ್ಟು ಚಿಕನ್‌ಗೆ ಬಂದರೆ ಒಳ್ಳೆಯದಾಯಿತು ಅಂದುಕೊಳ್ಳುತ್ತೇವೆ. ಒಂದು ಕುರಿಯಿಂದ 10–15 ಕೆಜಿ ಮಾಂಸ ಸಿಗುತ್ತದೆ. ಎರಡು ಕೆಜಿ ತೂಗುವ ಫಾರಂ ಕೋಳಿ ಕ್ಲೀನ್ ಆದಮೇಲೆ ಒಂದೂವರೆ ಕೆಜಿಯೂ ಉಳಿಯಲ್ಲ. ಒಂದು ಕುರಿಯಷ್ಟು ಮಾಂಸಕ್ಕೆ ಎಂಟು-ಹತ್ತು ಕೋಳಿ ಬೇಕು. ಆ ಕೋಳಿ ಬದುಕುವುದೇ ಐದಾರು ವಾರ. ಮೈತೂಕ ಬೇಗ ಏರಿ ಕಾಲು ತಡೆಯದೆ ಕುಂಟುವವೂ ಉಂಟು. ಕುರುಬರ ಮಂದೆಯ ಕುರಿ ಬಯಲಲ್ಲಿ ಮೇಯ್ದು, ಕೊಯ್ಲಾದ ಹೊಲದಲ್ಲಿ ರಾತ್ರಿ ನಿಂತು ಗೊಬ್ಬರ ಕೊಟ್ಟಿರುತ್ತದೆ. ಆದರೆ ಮೆಲುಕು ಹಾಕುವ ಪ್ರಾಣಿ ಮೀಥೇನ್ ಬಿಡುತ್ತದೆ, ಹವಾಮಾನದ ಲೆಕ್ಕಕ್ಕೆ ಕೋಳಿಯೇ ಹಗುರ. ಎರಡೂ ನಿಜ. ಅದಕ್ಕೇ ಒಂದರ ಬದಲು ಇನ್ನೊಂದು ಅನ್ನುವುದಕ್ಕಿಂತ ಎರಡನ್ನೂ ಕಮ್ಮಿ ಹಾಕುವುದು ಮೇಲು.

ಹಾಲಿನ ಲೆಕ್ಕವೂ ಇದೆ. ಕರು ಹಾಕದೆ ಹಸು ಹಾಲು ಕೊಡಲ್ಲ, ಕರುಗಳಲ್ಲಿ ಅರ್ಧದಷ್ಟು ಗಂಡು, ಟ್ರ್ಯಾಕ್ಟರ್ ಬಂದಮೇಲೆ ಅವನ್ನು ಸಾಕುವವರು ಕಮ್ಮಿ. ಹಾಲಿಗೂ ಜೀವದ ಲೆಕ್ಕ ತಪ್ಪಿದ್ದಲ್ಲ, ಅದಕ್ಕೇ ಹಾಲು-ತುಪ್ಪ ತಿನ್ನುವವರು ಬಾಡು ತಿನ್ನುವವರಿಗಿಂತ ಮೇಲು ಅನ್ನುವ ಹಳೇ ಜಾತಿ ಮಾತನ್ನು ಈ ವಿಚಾರದೊಳಗೆ ಬಿಟ್ಟುಕೊಳ್ಳಲೇಬಾರದು.

ಇನ್ನು ಅಡುಗೆ. ನಾಲ್ಕು ಜನಕ್ಕೆ ಮುಕ್ಕಾಲು ಕೆಜಿ ಹಾಕುತ್ತಿದ್ದರೆ ಕಾಲು ಕೆಜಿ ತನ್ನಿ, ಮೂಳೆ ಹೆಚ್ಚಿರಲಿ, ನಲ್ಲಿ ಮೂಳೆ ಕೇಳಿ ಹಾಕಿಸಿಕೊಳ್ಳಿ. ಸಾರಿನ ರುಚಿಯೆಲ್ಲ ಮೂಳೆ, ಕೊಬ್ಬು, ಹುರಿದ ಮಸಾಲೆಯಿಂದ ಬರುತ್ತದೆ. ಒಂದು ಪಾವು, ಅಂದರೆ ಸುಮಾರು 200 ಗ್ರಾಂ ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದು ದಿನಕ್ಕೆ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಇನ್ನರ್ಧ ದಿನ ಬೇಕು. ನೀರು ಪೂರ್ತಿ ಬಸಿಯದಿದ್ದರೆ ಕಾಳು ಲೋಳೆಯಾಗಿ ವಾಸನೆ ಹೊಡೆಯುತ್ತದೆ, ಅದನ್ನು ಹಾಕಬೇಡಿ.

ಮಟನ್‌ಗೆ ಉಪ್ಪು, ಅರಿಶಿನ, ನೀರು ಹಾಕಿ ಕುಕ್ಕರ್‌ನಲ್ಲಿ ಮೂರು ವಿಷಲ್ ಕೂಗಿಸಿ. ಅದೇ ನೀರಿಗೆ ಕಾಳು ಹಾಕಿ ಮತ್ತೆ ಮೂರು. ಕಾಳನ್ನು ಬೆರಳಲ್ಲಿ ಹಿಸುಕಿದರೆ ಸಲೀಸಾಗಿ ಮೆತ್ತಗಾಗಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ-ಲವಂಗ, ತೆಂಗಿನಕಾಯಿ, ಟೊಮೆಟೊ ಹುರಿದು ಧನಿಯಾಪುಡಿ, ಖಾರದಪುಡಿ ಜೊತೆ ರುಬ್ಬಿದ ಮಸಾಲೆ ಬೀಳಬೇಕಾದದ್ದು ಆಮೇಲೆಯೇ. ಟೊಮೆಟೊ, ಹುಣಸೆ ಯಾವುದೇ ಹುಳಿ ಮೊದಲೇ ಸೇರಿದರೆ ಕಾಳು ಬಿಗಿಹಿಡಿದು ಎಷ್ಟು ಕೂಗಿಸಿದರೂ ಮೆತ್ತಗಾಗಲ್ಲ. ಕಾಳು ಸರಿಯಿಲ್ಲ ಅಂತ ಕೈಬಿಡುವ ಎಷ್ಟೋ ಜನರ ಎಡವಟ್ಟು ಇದೊಂದೇ. ಅವರೆ ಕಾಲದಲ್ಲಿ ಹುರುಳಿಯ ಬದಲು ಹಿತ್ಕಿದ ಬೇಳೆ, ಅಂದರೆ ನೆನೆಸಿ ಸಿಪ್ಪೆ ತೆಗೆದ ಹಸಿ ಅವರೆಕಾಳು ಹಾಕುವುದಾದರೆ ಮಸಾಲೆ ಕುದಿ ಬಂದಮೇಲೆ ಹಾಕಿ, ತೆರೆದ ಪಾತ್ರೆಯಲ್ಲಿ ಹತ್ತು ನಿಮಿಷ ಸಾಕು. ಕುಕ್ಕರ್‌ಗೆ ಹಾಕಿದರೆ ಕರಗಿಹೋಗುತ್ತದೆ.

ಪ್ರೋಟೀನ್ ಚಿಂತೆ ಬೇಡ: 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಕಬ್ಬಿಣಾಂಶ ಮೈಗೆ ಹತ್ತಲು ಊಟದ ಜೊತೆ ನಿಂಬೆ ಹಿಂಡಿಕೊಳ್ಳಿ, ಉಂಡ ಕೂಡಲೇ ಕಾಫಿ-ಟೀ ಕುಡಿಯಬೇಡಿ. ಬಿ12 ಮಾತ್ರ ಕಾಳು-ಸೊಪ್ಪಿನಿಂದ ಸಿಗಲ್ಲ. ಹಾಲು, ಮೊಟ್ಟೆ ಇದ್ದರೆ ಸರಿ, ಅವನ್ನೂ ಬಿಟ್ಟವರಿಗೆ ಮಾತ್ರೆ ಬೇಕೇಬೇಕು.

ಯುಗಾದಿ ಮಾರನೇ ದಿನದ ಹೊಸತೊಡಕಿನ ಪಾತ್ರೆಗೆ ಮಾತ್ರ ಕೈ ಹಾಕಬೇಡಿ. ಮನೆಮಂದಿಯೆಲ್ಲ ಕಾದು ಕೂತು ಉಣ್ಣುವ ಊಟ ಅದು. ಯಾವ ನೆಪವೂ ಇಲ್ಲದ ಬುಧವಾರದ ಸಾರಿನಿಂದ ಶುರುಮಾಡಿ. ಮಾರನೇ ಬೆಳಗ್ಗೆಗೆ ಅದು ಗಟ್ಟಿಯಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ ಒಂದು ಕುದಿ ಬರಿಸಿದರೆ ಇಡ್ಲಿಗೂ ಆಗುತ್ತದೆ.